ಅಪ್ಪನ ಮೊಬೈಲಿನಲ್ಲಿ ಔಷಧ, ಮಗಳ ಮೊಬೈಲಿನಲ್ಲಿ ಕ್ಯಾನ್ಸರ್

ಪ್ರಶ್ನೆ: ನಾನು ಶಿರಸಿ ತಾಲ್ಲೂಕಿನ ಅಡಿಕೆ ಬೆಳೆಗಾರ. ‘ಅಡಿಕೆ ಆರೋಗ್ಯಕ್ಕೆ ಒಳ್ಳೆಯದು, ಕ್ಯಾನ್ಸರ್ ಎನ್ನುವುದು ವಿದೇಶಿ ಲಾಬಿಯ ಅಪಪ್ರಚಾರ’ ಎಂಬ ವೀಡಿಯೊಗಳು ನನ್ನ ಮೊಬೈಲಿನಲ್ಲಿ ಒಂದರ ಹಿಂದೆ ಒಂದು ಬರುತ್ತವೆ. ಹುಬ್ಬಳ್ಳಿಯಲ್ಲಿ ನರ್ಸಿಂಗ್ ಓದುತ್ತಿರುವ ಮಗಳ ಮೊಬೈಲಿನಲ್ಲಿ ಅದೇ ಅಡಿಕೆಯ ಹೆಸರಿನಲ್ಲಿ ಬಾಯಿ ಕ್ಯಾನ್ಸರಿನ ಚಿತ್ರಗಳೇ ಬರುತ್ತವೆ. ಹಬ್ಬಕ್ಕೆ ಬಂದಾಗ ಇದೇ ವಿಷಯಕ್ಕೆ ಮನೆಯಲ್ಲಿ ವಾದವಾಯಿತು. ವಿಜ್ಞಾನಿಗಳಲ್ಲೇ ಒಮ್ಮತವಿಲ್ಲವೋ, ಅಥವಾ ಮೊಬೈಲೇ ಒಬ್ಬೊಬ್ಬರಿಗೆ ಒಂದೊಂದನ್ನು ತೋರಿಸಿ ನಮ್ಮನ್ನು ಜಗಳಕ್ಕೆ ಹಚ್ಚುತ್ತಿದೆಯೋ? ನಮ್ಮ ಸೊಸೈಟಿ ಸದಸ್ಯರ ವಾಟ್ಸಾಪ್ ಗುಂಪಿನಲ್ಲಿ ಇಂಥ ವೀಡಿಯೊ ಬಂದಾಗ ನಾನು ಏನು ಹೇಳಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಅಡಿಕೆಯ ಬಗ್ಗೆ ವಿಜ್ಞಾನ ಏನು ಹೇಳುತ್ತದೆ ಎಂಬುದು ಒಂದು. ಆ ವಿಜ್ಞಾನ ನಿಮ್ಮ ಮನೆಯ ಜಗಲಿಗೆ ಬಂದು ಮುಟ್ಟುವ ಹೊತ್ತಿಗೆ ಯಾವ ರೂಪ ತಾಳಿರುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಬದಿಗಿಟ್ಟು ಎರಡನೆಯದನ್ನಷ್ಟೇ ಚರ್ಚಿಸುವುದು ಇತ್ತೀಚೆಗೆ ರೂಢಿಯಾಗಿದೆ, ಏಕೆಂದರೆ ‘ಎಲ್ಲ ಅಲ್ಗಾರಿದಮ್ಮಿನ ಆಟ’, ಅಂದರೆ ಯಾರಿಗೆ ಏನು ತೋರಿಸಬೇಕೆಂದು ತೀರ್ಮಾನಿಸುವ ಗಣಕದ ಲೆಕ್ಕದ ಆಟ, ಎಂದುಬಿಟ್ಟರೆ ಯಾರ ಮನಸ್ಸೂ ನೋಯುವುದಿಲ್ಲ. ಆದರೆ ಮೂಲದಲ್ಲಿ ಇದ್ದದ್ದೇನು ಎಂದು ತಿಳಿಯದೆ, ಸೋಸುವಾಗ ಕಳೆದುಹೋದದ್ದೇನು ಎಂದು ಹೇಳಲು ಬರುವುದಿಲ್ಲ. ಹಾಗಾಗಿ, ಓದಲು ನಿಮಗೆ ಅಷ್ಟು ಹಿತವೆನಿಸದಿದ್ದರೂ, ಅಡಿಕೆಯಿಂದಲೇ ಆರಂಭಿಸುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾಗಿ ಫ್ರಾನ್ಸಿನ ಲಿಯಾನ್ ನಗರದಲ್ಲಿರುವ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ, ಅಂದರೆ ಐಎಆರ್‌ಸಿ, 1985ರಲ್ಲಿ ಈ ವಿಷಯವನ್ನು ಪರಿಶೀಲಿಸಿತ್ತು. ತಂಬಾಕು ಸೇರಿಸಿದ ಕವಳ, ಅಂದರೆ ಎಲೆಅಡಿಕೆ, ಕ್ಯಾನ್ಸರ್ ತರುತ್ತದೆ ಎಂದು ಆಗ ಅದು ಹೇಳಿತೇ ಹೊರತು, ತಂಬಾಕಿಲ್ಲದ ಕವಳದ ಬಗ್ಗೆ ತೀರ್ಮಾನಕ್ಕೆ ಬರುವಷ್ಟು ಸಾಕ್ಷ್ಯವಿಲ್ಲ ಎಂದು ಅಲ್ಲಿಗೇ ನಿಲ್ಲಿಸಿತು. ಮುಂದೆ ತೈವಾನಿನಂಥ ಕಡೆಗಳಿಂದ ಅಧ್ಯಯನಗಳು ಬಂದವು. ತೈವಾನಿನಲ್ಲಿ ಅಡಿಕೆಯನ್ನು ತಂಬಾಕು ಬೆರೆಸದೆ ಜಗಿಯುವುದೇ ವಾಡಿಕೆ. ಆದ್ದರಿಂದ ‘ಕ್ಯಾನ್ಸರ್ ಬಂದದ್ದು ತಂಬಾಕಿನಿಂದ, ಅಡಿಕೆಯಿಂದಲ್ಲ’ ಎಂಬ ವಾದವನ್ನು ಅಲ್ಲಿ ನೇರವಾಗಿ ಪರೀಕ್ಷಿಸಲು ಸಾಧ್ಯವಾಯಿತು. ಆ ವಾದ ನಿಲ್ಲಲಿಲ್ಲ. 2003ರಲ್ಲಿ ಸೇರಿ 2004ರಲ್ಲಿ ವರದಿ ಪ್ರಕಟಿಸಿದ ತಜ್ಞರ ತಂಡವು ತಂಬಾಕಿಲ್ಲದ ಕವಳವನ್ನೂ ಬರೀ ಅಡಿಕೆಯನ್ನೂ ‘ಗುಂಪು 1’ಕ್ಕೆ, ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. 2012ರ ಮರುಪರಿಶೀಲನೆಯಲ್ಲೂ ಈ ತೀರ್ಮಾನ ಬದಲಾಗಲಿಲ್ಲ. ಬಾಯಿಯ ಒಳಪದರ ನಾರುಗಟ್ಟಿ ಬಿಗಿಯಾಗುತ್ತ ಬರುವ, ವೈದ್ಯರು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಕರೆಯುವ ಕಾಯಿಲೆಗೂ ಅಡಿಕೆಗೂ ಇರುವ ಸಂಬಂಧದ ಬಗ್ಗೆಯಂತೂ ಗಂಭೀರ ತಕರಾರು ಉಳಿದಿಲ್ಲ.

ಇಷ್ಟು ಹೇಳಿದ ಮೇಲೆ, ನಿಮ್ಮ ಮಗಳ ಮೊಬೈಲು ಹೇಳದೆ ಬಿಡುವ ಮಾತುಗಳನ್ನೂ ಹೇಳಬೇಕು. ‘ಗುಂಪು 1’ ಎಂಬುದು ಸಾಕ್ಷ್ಯ ಎಷ್ಟು ಗಟ್ಟಿ ಎಂಬುದರ ಅಳತೆಯೇ ಹೊರತು ಅಪಾಯ ಎಷ್ಟು ದೊಡ್ಡದು ಎಂಬುದರ ಅಳತೆಯಲ್ಲ. ಸೂರ್ಯನ ಬಿಸಿಲು ಅದೇ ಪಟ್ಟಿಯಲ್ಲಿದೆ, ಮದ್ಯವಿದೆ, ತಂಬಾಕಿದೆ, 2015ರಿಂದ ಸಂಸ್ಕರಿಸಿದ ಮಾಂಸವೂ ಇದೆ. ಇವೆಲ್ಲ ಒಂದೇ ಪ್ರಮಾಣದಲ್ಲಿ ಅಪಾಯಕಾರಿ ಎಂದು ಯಾವ ವಿಜ್ಞಾನಿಯೂ ಹೇಳುವುದಿಲ್ಲ. ಊಟವಾದ ಮೇಲೆ ಒಂದು ಕವಳ ಹಾಕಿ ಉಗುಳುವವರಿಗೂ, ಎದ್ದಾಗಿನಿಂದ ಮಲಗುವವರೆಗೆ ದವಡೆಯಲ್ಲಿ ಅಡಿಕೆಯನ್ನೋ ಗುಟ್ಕಾವನ್ನೋ ಇಟ್ಟುಕೊಳ್ಳುವವರಿಗೂ ಅಪಾಯ ಒಂದೇ ಅಲ್ಲ. ಜಗಿಯುವ ಸಲ ಮತ್ತು ವರ್ಷಗಳು ಹೆಚ್ಚಿದಂತೆ ಅದು ಏರುತ್ತದೆ. 2024ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಬಂದ ಒಂದು ಅಂದಾಜಿನ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಕಂಡುಬಂದ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1.2 ಲಕ್ಷ ಪ್ರಕರಣಗಳಿಗೆ ಹೊಗೆರಹಿತ ತಂಬಾಕು ಅಥವಾ ಅಡಿಕೆ ಕಾರಣ, ಮತ್ತು ಅವುಗಳಲ್ಲಿ ಸುಮಾರು 83,000 ಪ್ರಕರಣಗಳು ಭಾರತದವು. ಸಂಖ್ಯೆ ದೊಡ್ಡದು, ಆದರೆ ಅದು ತಂಬಾಕು ಮತ್ತು ಅಡಿಕೆ ಎರಡನ್ನೂ ಕೂಡಿಸಿ ಬಂದ ಸಂಖ್ಯೆ. ಇದನ್ನೇ ‘ಅಡಿಕೆಗೆ 83,000 ಬಲಿ’ ಎಂಬ ತಲೆಬರಹದಡಿ ಹಾಕಿದರೆ ಪ್ರಕರಣ ಎಂಬುದು ಸಾವಾಗುತ್ತದೆ, ತಂಬಾಕು ಮಾಯವಾಗುತ್ತದೆ, ನಿಮ್ಮಂಥ ಬೆಳೆಗಾರರಿಗೆ ಸಹಜವಾಗಿಯೇ ಸಿಟ್ಟು ಬರುತ್ತದೆ.

ಹಾಗೆಯೇ ‘ಅಡಿಕೆ ಔಷಧ’ ಎನ್ನುವ ವೀಡಿಯೊಗಳೂ ಬುಡದಿಂದ ತುದಿಯವರೆಗೆ ಸುಳ್ಳಲ್ಲ. ಅಡಿಕೆಯ ಮುಖ್ಯ ಕ್ಷಾರಾಂಶವಾದ ಅರೆಕೋಲಿನ್‌ನ ಲವಣವನ್ನು ನಾಯಿಗಳ ಲಾಡಿಹುಳು ತೆಗೆಯುವ ಔಷಧವಾಗಿ ಪಶುವೈದ್ಯರು ಬಳಸಿದ್ದುಂಟು. ಅಡಿಕೆಯ ಸಾರದಲ್ಲಿ ಉತ್ಕರ್ಷಣ ನಿರೋಧಕ ಗುಣವಿದೆ ಎಂದು ತೋರಿಸಿದ ಪ್ರಯೋಗಾಲಯದ ಪ್ರಬಂಧಗಳಿವೆ. ಆಯುರ್ವೇದ ಗ್ರಂಥಗಳಲ್ಲಿ ಪೂಗದ, ಅಂದರೆ ಅಡಿಕೆಯ, ಉಲ್ಲೇಖವಿದೆ. ಆದರೆ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳ ಮೇಲೆ ಸಾರದ ಹನಿ ಬಿಟ್ಟಾಗ ಕಂಡದ್ದು, 30 ವರ್ಷ ಕವಳ ಹಾಕಿದ ಮನುಷ್ಯನ ಬಾಯಿಯಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರವಲ್ಲ. ಆ ಪ್ರಶ್ನೆಗೆ ಮನುಷ್ಯರನ್ನೇ ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳು ಬೇಕು. ಅಂಥವು ಬಹುಪಾಲು ಒಂದೇ ದಿಕ್ಕಿಗೆ ಬೊಟ್ಟು ಮಾಡುತ್ತವೆ.

ಹೀಗಾಗಿ ನಿಮ್ಮ ಪ್ರಶ್ನೆಯ ಮೊದಲ ಭಾಗಕ್ಕೆ ನನ್ನ ಉತ್ತರ ಇದು: ಜಗಿದರೆ ಕ್ಯಾನ್ಸರ್ ಬರಬಹುದೇ ಎಂಬ ವಿಷಯದಲ್ಲಿ ತಜ್ಞರ ನಡುವೆ ಒಮ್ಮತವಿದೆ, ಎಷ್ಟು ಜಗಿದರೆ ಎಷ್ಟು ಅಪಾಯ, ಬೇಯಿಸಿ ಒಣಗಿಸುವ ವಿಧಾನ ಅದನ್ನು ಹೇಗೆ ಬದಲಿಸುತ್ತದೆ, ಅದರಲ್ಲಿರುವ ಬೇರೆ ಅಂಶಗಳಿಂದ ಔಷಧ ತಯಾರಿಸಬಹುದೇ ಎಂಬಂಥ ವಿಷಯಗಳಲ್ಲಿ ಇನ್ನೂ ಸಂಶೋಧನೆಗೆ ಜಾಗವಿದೆ. ಇಬ್ಬರ ಮೊಬೈಲುಗಳೂ ಮಾಡಿದ್ದೇನೆಂದರೆ ಈ ಅನುಪಾತವನ್ನು ಕೆಡಿಸಿದ್ದು. ನಿಮ್ಮದು ಬಹುಮಟ್ಟಿಗೆ ಇತ್ಯರ್ಥವಾದ ಭಾಗವನ್ನು ಇನ್ನೂ ಜಗಳದಲ್ಲಿರುವಂತೆ ತೋರಿಸಿತು. ಮಗಳದು ಇನ್ನೂ ತೆರೆದಿರುವ ಭಾಗವನ್ನು ಮುಗಿದು ಹೋದದ್ದೆಂಬಂತೆ ತೋರಿಸಿತು. ವಖಾರಿಯಲ್ಲಿ ರಾಶಿ ಅಡಿಕೆಯ ಚೀಲಕ್ಕೆ ಕೈ ಹಾಕಿ ತೆಗೆದ ಒಂದು ಬೊಗಸೆಯನ್ನು ನೋಡಿ ವ್ಯಾಪಾರಿ ಇಡೀ ರಾಶಿಗೆ ಬೆಲೆ ಕಟ್ಟುತ್ತಾನೆ. ಆ ಬೊಗಸೆಯನ್ನು ಯಾರಾದರೂ ಮೊದಲೇ ಆರಿಸಿ ಮೇಲಿಟ್ಟಿದ್ದರೆ ಬೊಗಸೆಯ ಒಂದೊಂದು ಅಡಿಕೆಯೂ ಅಸಲಿಯಾಗಿದ್ದೂ ಬೆಲೆ ತಪ್ಪಾಗುತ್ತದೆ. ಮಾಹಿತಿ ಸೋಸುವಿಕೆಯ ಹಾನಿಯೂ ಬಹುತೇಕ ಇಂಥದ್ದೇ. ಅದು ಸುಳ್ಳನ್ನು ಬಿತ್ತುವುದಕ್ಕಿಂತ ಹೆಚ್ಚಾಗಿ ನಿಜದ ತೂಕವನ್ನು ತಪ್ಪಿಸುತ್ತದೆ, ಹಾಗಾಗಿ ‘ಸುದ್ದಿ ಸುಳ್ಳೋ ನಿಜವೋ’ ಎಂದು ಪರೀಕ್ಷಿಸುವವರ ಕೈಗೂ ಸಿಗುವುದಿಲ್ಲ.

ಈಗ ಆ ಸೋಸುವಿಕೆ ಹೇಗೆ ನಡೆಯುತ್ತದೆ ಎಂದು ನೋಡೋಣ. ಯೂಟ್ಯೂಬಿನಲ್ಲಿ ಜನ ಕಳೆಯುವ ಒಟ್ಟು ಸಮಯದಲ್ಲಿ ಶೇ 70ಕ್ಕಿಂತ ಹೆಚ್ಚು ಪಾಲು ಅದರ ಶಿಫಾರಸುಗಳಿಂದಲೇ ಬರುತ್ತದೆ ಎಂದು ಆ ಕಂಪನಿಯ ಹಿರಿಯ ಅಧಿಕಾರಿಯೇ 2018ರಲ್ಲಿ ಹೇಳಿದ್ದರು. 2012ರಲ್ಲಿ ಆ ಸಂಸ್ಥೆ, ಎಷ್ಟು ಜನ ಕ್ಲಿಕ್ ಮಾಡಿದರು ಎನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಎನ್ನುವುದಕ್ಕೆ ಹೆಚ್ಚು ಬೆಲೆ ಕೊಡುವಂತೆ ತನ್ನ ಲೆಕ್ಕವನ್ನು ಬದಲಾಯಿಸಿತು. ನಿಮ್ಮ ಮೊಬೈಲಿನ ಮಟ್ಟಿಗೆ ಇದನ್ನು ಅನ್ವಯಿಸಿ ನೋಡಿ. ನೀವು ಎಲೆಚುಕ್ಕಿ ರೋಗಕ್ಕೆ ಯಾವ ಔಷಧಿ ಹೊಡೆಯಬೇಕು ಎಂದು ಒಂದು ವೀಡಿಯೊವನ್ನು ಕೊನೆಯವರೆಗೆ ನೋಡಿರುತ್ತೀರಿ. ಚಾಲಿಯ ದರ ಏರಿದೆಯೋ ಇಳಿದಿದೆಯೋ ಎಂದು ಇನ್ನೊಂದನ್ನು. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ತಯಾರಿಸುವುದನ್ನು ಮತ್ತೊಂದು. ಇವನ್ನೆಲ್ಲ ಮಾಡುವವರು ಬೆಳೆಗಾರರಿಗಾಗಿಯೇ ಇರುವ ಚಾನೆಲ್‌ಗಳವರು. ಅದೇ ಚಾನೆಲ್‌ಗಳನ್ನು ನೋಡುವ ಇತರ ಬೆಳೆಗಾರರು ‘ಅಡಿಕೆಯ ಮೇಲಿನ ಅಪಪ್ರಚಾರ’ ಎಂಬ ವೀಡಿಯೊವನ್ನೂ ಪೂರ್ತಿ ನೋಡಿದ್ದಾರೆ ಎಂಬುದು ಯಂತ್ರಕ್ಕೆ ಗೊತ್ತು. ಅಷ್ಟು ಸಾಕು, ಅದು ನಿಮ್ಮ ಮುಂದೆ ಬರುತ್ತದೆ. ಇದರ ಹಿಂದೆ ನಿಮ್ಮ ಅಭಿಪ್ರಾಯ ತಿದ್ದುವ ಸಂಚು ಹೂಡಿದವರು ಯಾರೂ ಇರಬೇಕಾಗಿಲ್ಲ. ಯಂತ್ರಕ್ಕೆ ಕ್ಯಾನ್ಸರ್ ಎಂದರೇನೆಂದೂ ಗೊತ್ತಿಲ್ಲ. ನಿಮ್ಮಂಥವರು ಯಾವುದರ ಮುಂದೆ ಬೆರಳು ನಿಲ್ಲಿಸುತ್ತಾರೆ ಎಂಬುದಷ್ಟೇ ಗೊತ್ತು. ನರ್ಸಿಂಗ್ ಪಾಠಗಳನ್ನು ನೋಡುವ ಮಗಳಿಗೆ ಅದೇ ಲೆಕ್ಕ ಶಸ್ತ್ರಚಿಕಿತ್ಸೆಯ ದೃಶ್ಯಗಳನ್ನು ತಂದುಕೊಡುತ್ತದೆ.

ಆದರೂ ಎಲ್ಲ ತಪ್ಪನ್ನೂ ಯಂತ್ರದ ತಲೆಗೆ ಕಟ್ಟಲು ನಾನು ಸಿದ್ಧನಿಲ್ಲ. 2009ರ ಡಿಸೆಂಬರಿನಲ್ಲಿ ಗೂಗಲ್ ಎಲ್ಲ ಬಳಕೆದಾರರಿಗೂ ಅವರವರ ಹಿಂದಿನ ಹುಡುಕಾಟಕ್ಕೆ ತಕ್ಕಂತೆ ಫಲಿತಾಂಶ ಕೊಡತೊಡಗಿದ ಬಳಿಕ, 2011ರಲ್ಲಿ ಅಮೆರಿಕದ ಎಲಿ ಪ್ಯಾರಿಸರ್ ಎಂಬವರು ‘ಫಿಲ್ಟರ್ ಬಬಲ್’ ಎಂಬ ಮಾತನ್ನು ಚಲಾವಣೆಗೆ ತಂದರು. ಪ್ರತಿಯೊಬ್ಬರೂ ತಮ್ಮದೇ ಗುಳ್ಳೆಯೊಳಗೆ ಸಿಕ್ಕಿಬಿದ್ದಿದ್ದಾರೆ ಎಂಬ ಆ ಚಿತ್ರ ಎಷ್ಟು ಸುಲಭವಾಗಿ ಮನಸ್ಸಿಗೆ ಹಿಡಿಸಿತೆಂದರೆ ಅದಕ್ಕೆ ಪುರಾವೆ ಎಷ್ಟಿದೆ ಎಂದು ಕೇಳುವವರು ಕಡಿಮೆಯಾದರು. 2015ರಲ್ಲಿ ಫೇಸ್‌ಬುಕ್ಕಿನ ಸಂಶೋಧಕರು ಅಮೆರಿಕದ ಸುಮಾರು ಒಂದು ಕೋಟಿ ಬಳಕೆದಾರರ ಮಾಹಿತಿಯನ್ನು ಪರಿಶೀಲಿಸಿ, ಎದುರು ಪಕ್ಷದ ಸುದ್ದಿ ಕಣ್ಣಿಗೆ ಬೀಳದಂತೆ ಮಾಡುವುದರಲ್ಲಿ ಅಲ್ಗಾರಿದಮ್ಮಿಗಿಂತ ಜನರ ಸ್ವಂತ ಆಯ್ಕೆಯದೇ ದೊಡ್ಡ ಪಾಲು ಎಂದು ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಕಂಪನಿಯೇ ತನ್ನನ್ನು ತಾನು ಪರೀಕ್ಷಿಸಿಕೊಂಡದ್ದು ಎಂದು ಅದನ್ನು ಅನುಮಾನಿಸಬಹುದು, ಅನುಮಾನಿಸಬೇಕು ಕೂಡ. ಆದರೆ ಹೊರಗಿನ ವಿಶ್ವವಿದ್ಯಾಲಯಗಳ ತಜ್ಞರೂ ಸೇರಿ 2020ರಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಲವು ಬಳಕೆದಾರರಿಗೆ 3 ತಿಂಗಳ ಕಾಲ ಶಿಫಾರಸಿನ ಬದಲು ಸಮಯದ ಕ್ರಮದಲ್ಲೇ ಪೋಸ್ಟುಗಳನ್ನು ತೋರಿಸಿದಾಗ, ಅವರು ಫೇಸ್‌ಬುಕ್ಕಿನಲ್ಲಿ ಕಳೆಯುವ ಸಮಯ ಕಡಿಮೆಯಾಯಿತೇ ವಿನಾ ರಾಜಕೀಯ ನಿಲುವುಗಳು ಹೇಳಿಕೊಳ್ಳುವಷ್ಟು ಬದಲಾಗಲಿಲ್ಲ. ವಿಶ್ವಾಸಾರ್ಹವಲ್ಲದ ಮೂಲಗಳ ಸುದ್ದಿ ತುಸು ಹೆಚ್ಚೇ ಆಯಿತು. ಇವೆಲ್ಲ ಅಮೆರಿಕದ ರಾಜಕೀಯದ ಬಗ್ಗೆ ನಡೆದ ಅಧ್ಯಯನಗಳು, ಶಿರಸಿಯ ಅಡಿಕೆಯ ಬಗ್ಗೆ ಅಲ್ಲ. ಆದರೂ ಯಂತ್ರವನ್ನು ಕಿತ್ತೆಸೆದರೆ ಜಗಳ ತಾನಾಗಿ ತೀರುತ್ತದೆ ಎಂದು ನಂಬಲು ಆಧಾರ ಸಾಲದು ಎಂಬಷ್ಟನ್ನು ಅವು ಹೇಳುತ್ತವೆ.

ಯಂತ್ರಕ್ಕಿಂತ ಮೊದಲು ಬರುವ ಜರಡಿ ನಾವು ಹುಡುಕಲು ಬಳಸುವ ಮಾತು. ನೀವು ಗೂಗಲ್ಲಿನಲ್ಲಿ ‘ಅಡಿಕೆಯ ಔಷಧೀಯ ಉಪಯೋಗಗಳು’ ಎಂದು ಬರೆದರೆ ಅದು ಉಪಯೋಗಗಳನ್ನೇ ತಂದು ಸುರಿಯುತ್ತದೆ; ನೀವು ಕೇಳಿದ್ದೇ ಅದನ್ನು. ಮಗಳು ‘ಅಡಿಕೆ ಬಾಯಿ ಕ್ಯಾನ್ಸರ್’ ಎಂದು ಬರೆದರೆ ಕ್ಯಾನ್ಸರ್ ಬರುತ್ತದೆ. ಇಲ್ಲಿ ವ್ಯಕ್ತಿಗೆ ತಕ್ಕ ಸೋಸುವಿಕೆ ಏನೂ ಬೇಕಿಲ್ಲ. ಮೊಬೈಲುಗಳನ್ನು ಅದಲುಬದಲು ಮಾಡಿಕೊಂಡು ಅದೇ ಮಾತುಗಳನ್ನು ಬರೆದರೂ ಹೆಚ್ಚುಕಡಿಮೆ ಅದೇ ಉತ್ತರ ಬರುತ್ತದೆ. ಯೂಜೀನಾ ಲಿಯಂಗ್ ಮತ್ತು ಒಲೆಗ್ ಉರ್ಮಿನ್‌ಸ್ಕಿ ಎಂಬ ಸಂಶೋಧಕರು 2025ರಲ್ಲಿ ಪ್ರಕಟಿಸಿದ ಪ್ರಬಂಧ ಇದೇ ವಿಷಯದ್ದು. ಜನ ತಮಗೆ ಮೊದಲೇ ಇರುವ ನಂಬಿಕೆಯ ಕಡೆಗೆ ವಾಲಿದ ಮಾತುಗಳಿಂದಲೇ ಹುಡುಕುತ್ತಾರೆ, ಹುಡುಕು ಯಂತ್ರ ಆ ಮಾತಿಗೆ ತೀರ ಹತ್ತಿರದ ಫಲಿತಾಂಶವನ್ನೇ ಕೊಡುತ್ತದೆ, ಹೀಗೆ ನಂಬಿಕೆ ಇದ್ದಲ್ಲೇ ಉಳಿಯುತ್ತದೆ ಎಂದು ಅವರು ಹಲವು ಪ್ರಯೋಗಗಳಿಂದ ತೋರಿಸಿದರು. ಕಾಫಿಯಲ್ಲಿರುವ ಕೆಫೀನ್ ಒಳ್ಳೆಯದೋ ಕೆಟ್ಟದ್ದೋ ಎಂಬುದು ಅವರ ಉದಾಹರಣೆಗಳಲ್ಲೊಂದು. ಗಮನಿಸಬೇಕಾದ ಅಂಶವೆಂದರೆ, ಅದೇ ಜನರಿಗೆ ವಿಷಯದ ಎಲ್ಲ ಮಗ್ಗುಲನ್ನೂ ಒಳಗೊಂಡ ಫಲಿತಾಂಶ ಕೊಟ್ಟಾಗ ಅವರು ಅದನ್ನು ತಳ್ಳಿಹಾಕಲಿಲ್ಲ. ತಮ್ಮ ಅಭಿಪ್ರಾಯವನ್ನು ಸಾಕಷ್ಟು ಬದಲಿಸಿಕೊಂಡರು. ಅಂದರೆ ಜನರ ಮನಸ್ಸಿನ ಬಾಗಿಲು ನಾವು ಅಂದುಕೊಂಡಷ್ಟು ಭದ್ರವಾಗಿ ಮುಚ್ಚಿಲ್ಲ.

ಕನ್ನಡದಲ್ಲಿ ಹುಡುಕುವವರಿಗೆ ಇನ್ನೊಂದು ತೊಂದರೆಯಿದೆ, ಇದನ್ನು ಇಂಗ್ಲಿಷಿನಲ್ಲಿ ಬರೆಯುವವರು ಗಮನಿಸುವುದು ಅಪರೂಪ. ಇಂಗ್ಲಿಷ್ ವಿಕಿಪೀಡಿಯದಲ್ಲಿ 70 ಲಕ್ಷ ಲೇಖನಗಳಿದ್ದರೆ ಕನ್ನಡದ್ದರಲ್ಲಿ ಇರುವುದು 30,000ಕ್ಕಿಂತ ತುಸು ಹೆಚ್ಚು. ವಿಜ್ಞಾನದ ವಿಷಯದಲ್ಲಿ ಕನ್ನಡದ ಕಣಜ ಇಷ್ಟು ತೆಳುವಾಗಿರುವಾಗ, ಅಲ್ಲಿ ಸೋಸುವುದಕ್ಕೇ ಹೆಚ್ಚೇನೂ ಇರುವುದಿಲ್ಲ. ಯಾರು ಮೊದಲು ಒಂದು ವೀಡಿಯೊ ಹಾಕಿದರೋ ಅವರದೇ ಮಾತು ಮೇಲೆ ನಿಲ್ಲುತ್ತದೆ. ಮೈಕೆಲ್ ಗೊಲೆಬೀವ್‌ಸ್ಕಿ ಮತ್ತು ಡಾನಾ ಬಾಯ್ಡ್ ಎಂಬ ಸಂಶೋಧಕರು 2018ರಲ್ಲಿ ಇಂಥ ಬರಿದು ಜಾಗಗಳ ಅಪಾಯವನ್ನು ವಿವರಿಸಿದರು. ನಮ್ಮ ಜಿಲ್ಲೆಯಲ್ಲಿ ಇದಕ್ಕೆ ಉದಾಹರಣೆ ಬೇಕಾದರೆ ಸಿದ್ದಾಪುರದ ಕಡೆಗೆ ನೋಡಿ. ಕಾಡಿನಲ್ಲಿ ಮಂಗ ಸತ್ತ ಸುದ್ದಿ ಬಂದ ಕೂಡಲೇ ಜನ ‘ಮಂಗನ ಕಾಯಿಲೆ ಲಸಿಕೆ’ ಎಂದು ಹುಡುಕುತ್ತಾರೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ, ಉಣುಗು ಕಚ್ಚುವುದರಿಂದ ಹರಡುವ ಈ ಕಾಯಿಲೆಗೆ 1990ರಿಂದ ಲಸಿಕೆ ಹಾಕಲಾಗುತ್ತಿತ್ತು. ಎರಡು ಡೋಸ್ ಪಡೆದವರಿಗೆ ಸುಮಾರು ಶೇ 62, ಬೂಸ್ಟರ್ ಕೂಡ ಪಡೆದವರಿಗೆ ಸುಮಾರು ಶೇ 83 ರಕ್ಷಣೆ ಸಿಕ್ಕಿತೆಂದು 2013ರಲ್ಲಿ ಒಂದು ಅಧ್ಯಯನ ಹೇಳಿತ್ತು. ಮುಂದೆ ಅದರ ಪರಿಣಾಮ ತಗ್ಗಿದೆಯೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಇದು ನಾಲ್ಕು ವಾಕ್ಯಗಳಲ್ಲಿ ಮುಗಿಯುವ ಸಂಗತಿ. ಆದರೆ ಆ ನಾಲ್ಕು ವಾಕ್ಯಗಳು ಕನ್ನಡದಲ್ಲಿ ಸುಲಭವಾಗಿ ಸಿಗದಿದ್ದರೆ ‘ಲಸಿಕೆ ಮೊದಲಿನಿಂದಲೂ ಮೋಸ’ ಎಂದೋ ‘ಇರುವ ಲಸಿಕೆಯನ್ನು ಕೊಡುತ್ತಿಲ್ಲ’ ಎಂದೋ ಹೇಳುವವರಿಗೆ ಜಾಗ ತಾನಾಗಿ ಸಿಗುತ್ತದೆ.

ಹೆಚ್ಚು ಓದಿದವರು ಇದರಿಂದ ಪಾರಾಗುತ್ತಾರೆಯೇ? ಕೈಗಾದ ಚರ್ಚೆಯನ್ನು ಹತ್ತಿರದಿಂದ ಕಂಡ ಕಾರವಾರದವರು ಇಲ್ಲವೆನ್ನಬಹುದು. ಕಾಳಿ ನದಿಯ ದಂಡೆಯಲ್ಲಿ ತಲಾ 220 ಮೆಗಾವಾಟಿನ 4 ಘಟಕಗಳಿರುವ ಆ ಅಣು ವಿದ್ಯುತ್ ಸ್ಥಾವರದ ಬಗ್ಗೆ ಒಬ್ಬರ ಮೊಬೈಲಿಗೆ ಬರುವುದು ಇವು: 1994ರಲ್ಲಿ, ನಿರ್ಮಾಣದ ಹಂತದಲ್ಲೇ, ಮೊದಲನೆಯ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿದ್ದದ್ದು; 2009ರ ನವೆಂಬರಿನಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಇರುವ ಭಾರಜಲ ಸೇರಿ ಕೆಲಸಗಾರರ ಮೂತ್ರದ ಪರೀಕ್ಷೆಯಲ್ಲಿ ಅದು ಕಂಡುಬಂದದ್ದು. ಇನ್ನೊಬ್ಬರಿಗೆ ಬರುವುದು ಅದೇ ಮೊದಲನೆಯ ಘಟಕ 962 ದಿನ ಒಂದೇ ಸಮನೆ ಓಡಿ 2018ರ ಡಿಸೆಂಬರ್ 31ರಂದು ವಿಶ್ವದಾಖಲೆಯೊಂದಿಗೆ ನಿಂತದ್ದು. ತಲಾ 700 ಮೆಗಾವಾಟಿನ 5 ಮತ್ತು 6ನೆಯ ಘಟಕಗಳ ಬಗ್ಗೆ ಸಾರ್ವಜನಿಕ ಅಹವಾಲು ಸಭೆ ನಡೆದದ್ದೂ ಅದೇ ತಿಂಗಳು. ಈ ಸಂಗತಿಗಳೆಲ್ಲವೂ ನಿಜ. ಯಾವ ಸತ್ಯಶೋಧಕರೂ ಇವುಗಳಲ್ಲಿ ಒಂದನ್ನೂ ಸುಳ್ಳೆಂದು ಗುರುತು ಹಾಕಲಾರರು. ಆದರೂ ಇವುಗಳಲ್ಲಿ ಒಂದು ಕಂತೆಯನ್ನಷ್ಟೇ ನೋಡಿದವರು ಇನ್ನೊಂದು ಕಂತೆಯವರನ್ನು ಮೂರ್ಖರೆಂದು ಭಾವಿಸುತ್ತಾರೆ. ಡ್ಯಾನ್ ಕಹಾನ್ ಮತ್ತು ಸಂಗಡಿಗರು 2012ರಲ್ಲಿ ಅಮೆರಿಕದಲ್ಲಿ ನಡೆಸಿದ ಅಧ್ಯಯನದಲ್ಲಿ, ವಿಜ್ಞಾನದ ಮತ್ತು ಅಂಕಿಸಂಖ್ಯೆಗಳ ತಿಳಿವಳಿಕೆ ಹೆಚ್ಚಿದ್ದವರ ನಡುವೆಯೇ ಹವಾಮಾನ ಬದಲಾವಣೆಯ ಕುರಿತ ಅಭಿಪ್ರಾಯದ ಬಿರುಕು ಹೆಚ್ಚು ಅಗಲವಾಗಿತ್ತು. ಬುದ್ಧಿ ಚುರುಕಾದಷ್ಟೂ ತನ್ನವರ ಪರವಾಗಿ ಸಾಕ್ಷ್ಯ ಹೆಕ್ಕುವ ಕೌಶಲವೂ ಚುರುಕಾಗುತ್ತದೆ.

ತನ್ನವರು ಎಂಬಲ್ಲಿಗೆ ನಿಮ್ಮ ಸೊಸೈಟಿಯ ವಾಟ್ಸಾಪ್ ಗುಂಪಿಗೆ ಬಂದೆವು. ಅಲ್ಲಿ ಯಾವ ಸಂದೇಶ ಮೇಲೆ, ಯಾವುದು ಕೆಳಗೆ ಎಂದು ತೀರ್ಮಾನಿಸುವ ಅಲ್ಗಾರಿದಮ್ ಇಲ್ಲ. ಬಂದ ಕ್ರಮದಲ್ಲಿ ಎಲ್ಲವೂ ಕಾಣುತ್ತದೆ. ಸೋಸುವವರು ಮನುಷ್ಯರೇ, ಅದೂ ನೀವು ಮದುವೆ ಮುಂಜಿಗಳಲ್ಲಿ ಭೇಟಿಯಾಗುವ ಪರಿಚಿತರೇ. ಕಂಪನಿ ಮಾಡಿದ್ದೆಂದರೆ ಹರಡುವ ವೇಗಕ್ಕೆ ಕಡಿವಾಣ ಹಾಕಿದ್ದು: 2018ರಲ್ಲಿ ಭಾರತದಲ್ಲಿ ಒಮ್ಮೆಗೆ 5 ಕಡೆಗೆ ಮಾತ್ರ ಫಾರ್ವರ್ಡ್ ಮಾಡುವ ಮಿತಿ ಬಂತು, 2020ರ ಏಪ್ರಿಲಿನಲ್ಲಿ, ಹಲವು ಬಾರಿ ಫಾರ್ವರ್ಡ್ ಆಗಿ ಎರಡು ಬಾಣದ ಗುರುತು ಬಿದ್ದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳಿಸಬಹುದೆಂಬ ನಿಯಮವಾಯಿತು. ಆದರೆ ಯಾವುದನ್ನು ಕಳಿಸಬೇಕು ಎಂಬ ಆಯ್ಕೆ ನಮ್ಮದೇ. 2006ರಿಂದ 2017ರವರೆಗೆ ಟ್ವಿಟರಿನಲ್ಲಿ ಹರಿದ ಸುಮಾರು 1.26 ಲಕ್ಷ ಸುದ್ದಿಗಳ ಜಾಡು ಹಿಡಿದ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು, ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಹೆಚ್ಚೆಂದು ಕಂಡರು. ಯಂತ್ರಚಾಲಿತ ಖಾತೆಗಳನ್ನು ಲೆಕ್ಕದಿಂದ ತೆಗೆದರೂ ಚಿತ್ರ ಬದಲಾಗಲಿಲ್ಲ.

ನಿಮ್ಮ ಗುಂಪಿನಲ್ಲಿ ಅಡಿಕೆಯ ಪರವಾದ ವೀಡಿಯೊಗಳೇ ಏಕೆ ಓಡಾಡುತ್ತವೆ ಎಂಬುದಕ್ಕೆ ನನ್ನ ಅಭಿಪ್ರಾಯ ಹೀಗಿದೆ. ಅಲ್ಲಿ ಚರ್ಚೆಯಾಗುತ್ತಿರುವುದು ಕ್ಯಾನ್ಸರ್ ಅಲ್ಲ, ನಿಷೇಧ. ಅಡಿಕೆ ಕ್ಯಾನ್ಸರ್‌ಕಾರಕ ಎಂದು ಒಪ್ಪಿದರೆ ನಾಳೆ ಸರ್ಕಾರ ಅದನ್ನು ನಿಷೇಧಿಸೀತು, ಬೆಲೆ ಬಿದ್ದೀತು, ಅಜ್ಜನ ಕಾಲದ ತೋಟ ಬರಡಾದೀತು ಎಂಬ ಭಯವೇ ಆ ವೀಡಿಯೊಗಳನ್ನು ಮುಂದೆ ತಳ್ಳುತ್ತಿದೆ. ಭಯ ಅಕಾರಣವೇನಲ್ಲ. ಆದರೆ ‘ಜಗಿದರೆ ಹಾನಿಯಾಗುತ್ತದೆಯೇ’ ಎಂಬುದು ಸಾಕ್ಷ್ಯದ ಪ್ರಶ್ನೆ, ‘ನಿಷೇಧಿಸಬೇಕೇ, ಬೆಳೆಗಾರರಿಗೆ ಬೇರೆ ದಾರಿ ಏನು’ ಎಂಬುದು ನೀತಿಯ ಪ್ರಶ್ನೆ. ತಂಬಾಕು ಕ್ಯಾನ್ಸರ್ ತರುತ್ತದೆಂದು ಒಪ್ಪಿಕೊಂಡೇ ಅದನ್ನು ಬೆಳೆಯಲು ಬಿಟ್ಟಿರುವ ದೇಶ ನಮ್ಮದು. ಒಂದನ್ನು ಒಪ್ಪಿದ ಮಾತ್ರಕ್ಕೆ ಇನ್ನೊಂದು ಹಿಂದೆಯೇ ಬರಬೇಕೆಂದಿಲ್ಲ. ಪಶ್ಚಿಮಘಟ್ಟದ ವಿಷಯದಲ್ಲೂ ಇದೇ ಆಯಿತು. 2013ರ ಕಸ್ತೂರಿರಂಗನ್ ವರದಿ ಘಟ್ಟದ ಸುಮಾರು ಶೇ 37 ಭಾಗವನ್ನು ಪರಿಸರ ಸೂಕ್ಷ್ಮ ಪ್ರದೇಶವೆಂದು ಗುರುತಿಸಿ ಗಣಿಗಾರಿಕೆ, ಕಲ್ಲುಕ್ವಾರಿ, ಅತಿ ಮಾಲಿನ್ಯದ ಕೈಗಾರಿಕೆ ಬೇಡವೆಂದಿತು; ಊರವರನ್ನು ಒಕ್ಕಲೆಬ್ಬಿಸಬೇಕೆಂದು ಅದರಲ್ಲಿ ಹೇಳಿಲ್ಲ. ಯಾವ ಹಳ್ಳಿಗೆ ಯಾವ ನಿರ್ಬಂಧ ನ್ಯಾಯ ಎಂಬ ಚರ್ಚೆ ನಡೆಯಬೇಕಾಗಿದ್ದ ಜಾಗದಲ್ಲಿ ಒಕ್ಕಲೆಬ್ಬಿಸುವ ಮಾತೇ ಓಡಾಡಿತು, 2024ರ ಜುಲೈವರೆಗೆ 6 ಬಾರಿ ಕರಡು ಅಧಿಸೂಚನೆ ಹೊರಬಿದ್ದರೂ ಮೂಲ ವರದಿಯನ್ನು ಓದಿದವರು ಬೆರಳೆಣಿಕೆಯಷ್ಟೇ ಉಳಿದರು.

ಇನ್ನು ನೀವು ಮಾಡಬಹುದಾದದ್ದು. ವೀಡಿಯೊದ ಪಕ್ಕದ ‘ಆಸಕ್ತಿ ಇಲ್ಲ’ ಎಂಬ ಗುಂಡಿಯನ್ನು ಒತ್ತಿ ನಿಶ್ಚಿಂತರಾಗಬೇಡಿ. 2022ರಲ್ಲಿ ಮೊಜಿಲ್ಲಾ ಫೌಂಡೇಶನ್ 20,000ಕ್ಕೂ ಹೆಚ್ಚು ಸ್ವಯಂಸೇವಕರ ನೆರವಿನಿಂದ ಪರೀಕ್ಷಿಸಿದಾಗ ಆ ಗುಂಡಿ ಬೇಡದ ಶಿಫಾರಸುಗಳಲ್ಲಿ ಶೇ 11ರಷ್ಟನ್ನು ಮಾತ್ರ ತಡೆಯಿತು. ‘ಈ ಚಾನೆಲ್ ಶಿಫಾರಸು ಮಾಡಬೇಡಿ’ ಎಂಬುದು ಶೇ 43ರಷ್ಟನ್ನು ತಡೆಯಿತು. ಅದಕ್ಕಿಂತ ಲಾಭದಾಯಕವಾದದ್ದು ಹುಡುಕುವ ಮಾತನ್ನು ಬದಲಿಸುವುದು. ‘ಅಡಿಕೆ ಮತ್ತು ಆರೋಗ್ಯ: ಅಧ್ಯಯನಗಳು’ ಎಂದು ವಾಲಿಕೆ ಇಲ್ಲದೆ ಬರೆಯಿರಿ, ಅಥವಾ ನೀವು ನಂಬದ ಕಡೆಯ ಮಾತನ್ನೇ ಬರೆಯಿರಿ, ಮಗಳಿಗೂ ಹಾಗೆಯೇ ಮಾಡಲು ಹೇಳಿ. ವೀಡಿಯೊವನ್ನು ನೋಡುತ್ತ ಅದರೊಳಗಿನ ಮಾತುಗಳ ಸತ್ಯಾಸತ್ಯತೆ ಅಳೆಯಲು ಕುಳಿತುಕೊಳ್ಳಬೇಡಿ, ಅದು ಮುಗಿಯದ ಕೆಲಸ. ವೃತ್ತಿಪರ ಸತ್ಯಶೋಧಕರು ಹಾಗೆ ಮಾಡುವುದಿಲ್ಲವೆಂದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಂಗಡಿಗರು ತೋರಿಸಿದ್ದಾರೆ. ಅವರು ಪುಟವನ್ನು ಹಾಗೇ ಬಿಟ್ಟು, ಇದನ್ನು ಹೇಳುತ್ತಿರುವವರು ಯಾರು, ಅವರ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಎಂದು ಹೊರಗೆ ಹುಡುಕುತ್ತಾರೆ. ಆಮೇಲೆ ಅಧ್ಯಯನದ ಬಗ್ಗೆ ಕೇಳಬೇಕಾದದ್ದು ಇಷ್ಟೇ: ನಡೆದದ್ದು ಜೀವಕೋಶದ ಮೇಲೋ, ಇಲಿಯ ಮೇಲೋ, ಮನುಷ್ಯರ ಮೇಲೋ? ಅಡಿಕೆಯ ಸಾರವೋ, ಜಗಿದ ಅಡಿಕೆಯೋ? ತಂಬಾಕು ಸೇರಿತ್ತೋ ಇಲ್ಲವೋ? ತೋಟದ ವಿಷಯದಲ್ಲಿ ನಿಮಗೆ ಈ ವಿವೇಚನೆ ಈಗಾಗಲೇ ಇದೆ. ಎಲೆಚುಕ್ಕಿಗೆ ಯಾರೋ ಹೊಸ ಔಷಧಿ ಹೇಳಿದರೆ, ಎಲ್ಲಿ ಪ್ರಯೋಗ ಮಾಡಿದ್ದಾರೆ, ಎಷ್ಟು ಮಳೆ ಬೀಳುವ ಊರು ಎಂದು ಕೇಳದೆ ನೀವು ಹಣ ಹಾಕುವವರಲ್ಲ ಎಂದುಕೊಂಡಿದ್ದೇನೆ.

ಗುಂಪಿನಲ್ಲಿ ಉತ್ತರಿಸಿದರೆ ಎದುರಿನವರು ಇನ್ನಷ್ಟು ಹಟ ಹಿಡಿಯುತ್ತಾರೆ ಎಂಬ ಭಯ ಬಹಳ ಜನರಿಗಿದೆ. ಥಾಮಸ್ ವುಡ್ ಮತ್ತು ಈಥನ್ ಪೋರ್ಟರ್ 2019ರಲ್ಲಿ 52 ವಿಷಯಗಳ ಮೇಲೆ ಪರೀಕ್ಷಿಸಿದಾಗ ಅಂಥ ತಿರುಗುಬಾಣ ಹೆಚ್ಚುಕಡಿಮೆ ಕಾಣಸಿಗಲಿಲ್ಲ. ತಿದ್ದುಪಡಿ ಓದಿದ ಜನ ಸಾಮಾನ್ಯವಾಗಿ ಸತ್ಯದ ಕಡೆಗೇ ಸರಿದರು. ಹಾಗಾಗಿ ಹೇಳಿ, ಆದರೆ ಹೇಳುವವರು ಊರಿನ ಹಿರಿಯರಾಗಿದ್ದರೆ ಅವರ ಮರ್ಯಾದೆಗೆ ಕುಂದಾಗದಂತೆ ಹೇಳಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ: ‘ಅಣ್ಣ, ಅಡಿಕೆಯಲ್ಲಿ ಔಷಧೀಯ ಅಂಶಗಳಿವೆ ಎಂಬ ಪ್ರಯೋಗಾಲಯದ ವರದಿಗಳು ಇರುವುದು ನಿಜ. ಆದರೆ ಈ ವೀಡಿಯೊದಲ್ಲಿ ಹೇಳಿದ ಪ್ರಯೋಗ ಮನುಷ್ಯರ ಮೇಲೆ ನಡೆದದ್ದಲ್ಲ. ತಂಬಾಕು ಹಾಕದೆ ಜಗಿದರೂ ಬಾಯಿ ಕ್ಯಾನ್ಸರಿನ ಅಪಾಯವಿದೆ ಎಂದು 2004ರಿಂದಲೂ ಹೇಳುತ್ತಿದ್ದಾರೆ. ದರ ಮತ್ತು ನಿಷೇಧದ ವಿಷಯ ಬೇರೆ, ಅದನ್ನು ಸಭೆಯಲ್ಲಿ ಮಾತಾಡೋಣ.’ ವೀಡಿಯೊದಲ್ಲಿ ಯಾವ ಪ್ರಯೋಗದ ಮಾತಿದೆ ಎಂದು ನೋಡಿಯೇ ಎರಡನೆಯ ವಾಕ್ಯವನ್ನು ಬರೆಯಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅದರ ಕೆಳಗೆ ಇನ್ನೊಂದು ಸಂದೇಶವನ್ನು ಮಗಳಿಂದ ಕನ್ನಡದಲ್ಲಿ ಬರೆಸಿ ಹಾಕಿ. ಖಾರ ತಿಂದರೆ ಬಾಯಿ ಉರಿಯುವುದು, ಕೆನ್ನೆಯ ಒಳಭಾಗ ಬಿಳಿಚಿಕೊಂಡು ಗಡುಸಾಗುವುದು, ಬಾಯಿ ಮೊದಲಿನಷ್ಟು ಅಗಲಕ್ಕೆ ತೆರೆಯಲು ಬಾರದಿರುವುದು, ಎರಡು ಮೂರು ವಾರವಾದರೂ ಮಾಯದ ಹುಣ್ಣು: ಇವುಗಳಲ್ಲಿ ಯಾವುದು ಕಂಡರೂ ಕವಳ ನಿಲ್ಲಿಸಿ ದಂತವೈದ್ಯರಿಗೆ ತೋರಿಸಬೇಕು ಎಂದು. ಗುಂಪಿನ ಸದಸ್ಯರಲ್ಲಿ ಕವಳ ಹಾಕುವವರು ಎಷ್ಟೋ ಮಂದಿ ಇರುತ್ತಾರೆ. ನಿಮ್ಮ ಮೊಬೈಲಿನ ಹೊಗಳಿಕೆಯಲ್ಲಾಗಲಿ ಅವಳ ಮೊಬೈಲಿನ ಭಯಾನಕ ಚಿತ್ರಗಳಲ್ಲಾಗಲಿ ಅವರಿಗೆ ಈ ಮಾಹಿತಿ ಸಿಕ್ಕಿರುವುದಿಲ್ಲ.